ನಕ್ಷೆಯಲ್ಲಿ ಒಂದು ಚುಕ್ಕೆ ಕಡಿಮೆ

ಬೀರು ಖಾಲಿಯಾಗಿತ್ತು.

ಬೀಗ ಮುರಿದಿರಲಿಲ್ಲ. ಇದ್ದರಲ್ಲವೇ ಮುರಿಯುವುದು? ಕ್ರೊಕೊಲ್ಮೆನ್ ನಡುಗಡ್ಡೆಯ ಸಂಶೋಧನಾ ಕೇಂದ್ರದಲ್ಲಿ ಯಾರೂ ಯಾವುದಕ್ಕೂ ಬೀಗ ಹಾಕುತ್ತಿರಲಿಲ್ಲ. ಸುತ್ತಲೂ ನೀರು; ಬರುವವರು ಯಾರು? ಹಳೆಯ ಟೇಪುಗಳಿದ್ದ ಬೀರುವಿನ ಬಾಗಿಲು ಹಾರುಹೊಡೆದಿತ್ತು. ಆ ಟೇಪುಗಳನ್ನು ಓದಬಲ್ಲ ಒಂದೇ ಒಂದು ಯಂತ್ರ ನೆಲದ ಮೇಲೆ ನುಜ್ಜುಗುಜ್ಜಾಗಿ ಬಿದ್ದಿತ್ತು. ಅದರ ಎದುರು ಐರಿನ್ ಮೊಣಕಾಲೂರಿ ಕೂತಿದ್ದಳು.

“ಮುಟ್ಟಬೇಡ,” ಎಂದಳು ಗುನ್ವೋರ್. ಲೈನ್ವಿಕ್ ಊರಿಗೂ, ಅದರ ಮುಂದೆ ಒಳನಾಡಿಗೆ ಚಾಚಿದ ಕಡಲಾದ ಫ್ಯೋರ್ಡಿಗೂ ಅವಳೊಬ್ಬಳೇ ಪೊಲೀಸು.

“ಮುಟ್ಟಿ ಏನ್ ಮಾಡ್ಲಿ? ಉಳಿದಿದೆಯಾ ಏನಾದ್ರೂ?”

“ನೀನು ಎಲ್ಲಿದ್ದೆ?”

“ನಡುಗಡ್ಡೆಯ ಆ ತುದಿ ಮನೇಲಿ. ನಿನ್ನೆ ಇಡೀ ದಿನ ಹಿಮ ಸುರೀತಿತ್ತು. ಕಿಟಕಿಯಾಚೆ ಕೈ ಚಾಚಿದ್ರೆ ನನಗೇ ಕಾಣ್ತಿರ್ಲಿಲ್ಲ. ಬೆಳಿಗ್ಗೆ ಬಂದು ನೋಡಿದ್ರೆ ಹೀಗೆ.”

ಗೋಡೆಯ ತುಂಬ ಐರಿನಳ ನಕ್ಷೆ ಹರಡಿತ್ತು. ಆಳಿಲ್ಲದೆ ತಾನೇ ಓಡುವ ಹಡಗುಗಳ ಬಗ್ಗೆ ಸರ್ಕಾರದ ದುಡ್ಡಿನಲ್ಲಿ ದೇಶದಲ್ಲಿ ನಡೆದ ಪ್ರತಿಯೊಂದು ಸಂಶೋಧನೆಯನ್ನೂ ಗುರುತಿಸುವುದು ಅವಳ ಕೆಲಸ. ಯಾವ ನೀರಿನಲ್ಲಿ ನಡೆಯಿತು, ಯಾರು ಮಾಡಿದರು, ಏನು ಕಂಡುಕೊಂಡರು—ಒಂದೊಂದಕ್ಕೂ ಒಂದು ನೀಲಿ ಚುಕ್ಕೆ. ಈ ಫ್ಯೋರ್ಡಿನ ಮೇಲೆ ಮಾತ್ರ ಪೆನ್ಸಿಲಿನ ಒಂದು ಬರಿಯ ಸುತ್ತು ಇತ್ತು.

“ಇದಕ್ಕೆ ಯಾಕೆ ಬಣ್ಣ ತುಂಬಿಲ್ಲ?”

“ಅದೇ ಈ ಟೇಪು. ವರ್ಷಗಳ ಹಿಂದೆ ಇಲ್ಲೇ ಒಂದು ಪರೀಕ್ಷೆ ನಡೆದಿತ್ತು. ದುಡ್ಡು ಕೊಟ್ಟವರ ಹತ್ರ ಪರೀಕ್ಷೆಯ ಹೆಸರು ಮಾತ್ರ ಇದೆ, ಮಾಡಿದವರದ್ದು ಅಲ್ಲೂ ಇಲ್ಲ, ಟೇಪಲ್ಲೂ ಇಲ್ಲ. ಫಲಿತಾಂಶ ಎಲ್ಲೂ ಇಲ್ಲ. ‘ಶುರು ಮಾಡಿ ಕೈಬಿಟ್ವಿ’ ಅಂತಾರೆ. ಸುಳ್ಳು! ಪೂರ್ತಿ ಮಾಡಿದ್ದಾರೆ. ನಾನೇ ಓದಿದೀನಿ.”

“ಏನಿತ್ತು ಅದರಲ್ಲಿ?”

ಐರಿನ್ ತಲೆಯೆತ್ತಿದಳು. “ಕಣ್ಣಿಗೆ ಮರದ ದೋಣಿ ಕಾಣಲ್ಲ ಅಂತ ಇತ್ತು.”

ಗುನ್ವೋರ್ ಕೈಚೀಲ ಕೆಳಗಿಟ್ಟಳು.

ಕಣ್ಣು ಎಂದರೆ ಕೇಂದ್ರದ ಕಂಬದ ತುದಿಯಲ್ಲಿ ತಿರುಗುತ್ತ, ಹಿಮದಲ್ಲೂ ಕತ್ತಲಲ್ಲೂ ನೀರಿನ ಮೇಲಿನ ದೋಣಿಗಳನ್ನು ಪತ್ತೆಹಚ್ಚುವ ಯಂತ್ರ. ಅಂಥದ್ದೇ ಒಂದು ಪರೀಕ್ಷಾ ಹಡಗಿನಲ್ಲೂ ಇದೆ. ಕಳೆದ ಶರತ್ಕಾಲದಲ್ಲಿ ಆ ಹಡಗು ಮೀನುಗಾರ ತೋರ್ಗೈರನ ಮರದ ಹುಟ್ಟುದೋಣಿಯ ಮೇಲೆ ಹರಿದಿತ್ತು. ಹೆಣವನ್ನು ನೀರಿನಿಂದ ಎಳೆದವಳು ಗುನ್ವೋರಳೇ. ವಿಚಾರಣೆ ನಡೆಯಿತು. ‘ಕಣ್ಣು ಅವನನ್ನು ಸರಿಯಾಗಿ ಕಂಡಿತ್ತು, ಅವನೇ ಎಚ್ಚರಗೇಡಿಯಾಗಿ ಅಡ್ಡ ಬಂದ’ ಎಂದು ತೀರ್ಪಾಯಿತು. ಅಂದಿನಿಂದ ಅವನ ಹೆಂಡತಿ ಹಾಲ್ಡಿಸ್ ಅಂಗಡಿಗೆ ಬರುವುದನ್ನೇ ಬಿಟ್ಟಿದ್ದಳು.

“ಟೇಪಿನ ವಿಷಯ ಯಾರಿಗೆ ಹೇಳಿದ್ದೆ?”

“ಹೋದ ವಾರ ಕಾಫಿ ಹೊತ್ತಲ್ಲಿ, ಮೂವರಿದ್ರು. ಎದ್ವಿನ್, ಯೂಸ್ತೈನ್, ಆಮೇಲೆ ಆ ಓಸ್ಲೋದವನು ಪ್ರೆಬೆನ್. ‘ಕಳೆದುಹೋದ ಪರೀಕ್ಷೆ ಸಿಕ್ತು, ಸೋಮವಾರದ ಸಭೇಲಿ ಎಲ್ಲರಿಗೂ ತೋರಿಸ್ತೀನಿ’ ಅಂದೆ. ಒಳಗೇನಿದೆ ಅಂತ ಬಾಯಿ ಬಿಡ್ಲಿಲ್ಲ.”

“ಸೋಮವಾರ ಅಂದ್ರೆ ನಾಳೆ.”

“ಹೌದು. ಸಾಗಣೆ ದೋಣಿಯ ಆಳುಗಳನ್ನ ತೆಗೆದು ತಾನೇ ಓಡೋ ದೋಣಿ ತರಬೇಕಾ ಅಂತ ಊರಿನವರು ಕೈ ಎತ್ತಿ ತೀರ್ಮಾನಿಸೋದೂ ನಾಳೆನೇ.”

*

ಯೂಸ್ತೈನ್ ಕೇಂದ್ರದ ಮೆಕ್ಯಾನಿಕ್. ಕಣ್ಣು ಕಂಡದ್ದನ್ನೆಲ್ಲ ಕಾಪಿಡುವುದು ಅವನ ಕೆಲಸ. ಶನಿವಾರದ ದಾಖಲೆಯನ್ನು ಪರದೆಯ ಮೇಲೆ ಓಡಿಸಿ ತೋರಿಸಿದ.

“ನೋಡು. ಬೆಳಿಗ್ಗೆ ಸಾಗಣೆ ದೋಣಿ ಹೋಯ್ತು. ಸಂಜೆ ವಾಪಸ್ ಬಂತು. ನಡುಗಡ್ಡೆ ಹತ್ರ ಒಂದು ನರಪಿಳ್ಳೇನೂ ಸುಳಿದಿಲ್ಲ.”

“ನಿನ್ನ ಮೋಟಾರ್ ದೋಣಿ?”

“ಬಂದಿದ್ರೆ ಇಲ್ಲಿ ಕಾಣ್ತಿತ್ತಲ್ಲ. ಪ್ರೆಬೆನಂದೂ ಕಾಣ್ತಿತ್ತು. ಎದ್ವಿನಂದೂ ಕಾಣ್ತಿತ್ತು.” ಅವನು ತಲೆ ಕೆರೆದುಕೊಂಡ. “ಹೇಳೋಕೆ ನಂಗಿಷ್ಟ ಇಲ್ಲ, ಗುನ್ವೋರ್. ಆದ್ರೆ ನಡುಗಡ್ಡೇಲಿ ಇದ್ದಿದ್ದು ಆ ಹುಡುಗಿ ಒಬ್ಳೇ.”

ಜಿಲ್ಲೆಯ ಮೇಲಧಿಕಾರಿಯೂ ಫೋನಿನಲ್ಲಿ ಅದನ್ನೇ ಹೇಳಿದ. “ಯಾರೂ ಬಂದಿಲ್ಲ ಅಂದ್ಮೇಲೆ ಅವಳೇ ಒಡೆದಿದ್ದಾಳೆ. ಟೇಪಲ್ಲಿ ಏನೂ ಇರ್ಲಿಲ್ಲ, ಮಾನ ಹೋಗುತ್ತೆ ಅಂತ ನಾಟಕ ಕಟ್ಟಿದ್ದಾಳೆ. ಬರೆದು ಮುಗಿಸು.”

“ಅವಳು ಓದಿದ್ದಾಳೆ.”

“ಅವಳ ಬಾಯಿ ಮಾತು! ಪುರಾವೆ ಎಲ್ಲಿದೆ?”

ಗುನ್ವೋರ್ ಫೋನಿಟ್ಟು ವಸತಿಗೃಹಕ್ಕೆ ಹೊರಟಳು.

ಪ್ರೆಬೆನ್ ವಸತಿಗೃಹದಲ್ಲಿ ಊಟಕ್ಕೆ ಕೂತಿದ್ದ. ಆಳಿಲ್ಲದ ದೋಣಿಯನ್ನು ಊರಿಗೆ ಮಾರಲು ಬಂದವನು. ಬೂಟಿನ ಹೊಳಪು ಇನ್ನೂ ಮಾಸಿರಲಿಲ್ಲ.

“ಮರದ ದೋಣಿ ಪರೀಕ್ಷೆ ಬಗ್ಗೆ ಕೇಳಿದ್ದೀರಾ?”

“ಇಲ್ಲಪ್ಪ. ನಾನು ಮಾರೋನು, ಓದೋನಲ್ಲ.”

“ದೋಣಿ ಹುಟ್ಟು ಹಾಕೋಕೆ ಬರುತ್ತಾ?”

ಅವನು ನಕ್ಕ. “ನನ್ನ ಕೈ ನೋಡಿ. ಇದು ಹುಟ್ಟು ಹಿಡಿಯೋ ಕೈಯಾ? ಬಾಡಿಗೆ ಮೋಟಾರ್ ದೋಣಿ ಕಟ್ಟೋಕೇ ವಸತಿಗೃಹದವರು ಬರಬೇಕು.”

ಎದ್ವಿನ್ ಸ್ಟೊಕ್ಕೆ ಕೇಂದ್ರದ ನಿರ್ದೇಶಕ, ಊರಿನ ಹೆಮ್ಮೆಯ ಪ್ರೊಫೆಸರು. ಲೈನ್ವಿಕ್‌ನಲ್ಲೇ ಹುಟ್ಟಿದವನು, ಗುನ್ವೋರಳ ಜೊತೆ ಒಂದೇ ಶಾಲೆಯಲ್ಲಿ ಓದಿದವನು. ತನ್ನ ತಂದೆಯ ದೋಣಿಮನೆಯ ಮುಂದಿನ ಹಿಮವನ್ನು ಸಲಿಕೆಯಿಂದ ಎತ್ತುತ್ತಿದ್ದ. ದೋಣಿ ಕಟ್ಟುವ ಕಟ್ಟೆಯ ಪಕ್ಕದಲ್ಲಿ ಒಂದು ಮರದ ದೋಣಿ ಅಂಚಿನವರೆಗೆ ನೀರು ತುಂಬಿಕೊಂಡು ಮುಳುಗಿ ಕೂತಿತ್ತು.

“ಬಾ ಬಾ. ನಿನಗೆ ನನ್ನ ಮೇಲೂ ಅನುಮಾನವಾ?”

“ಎಲ್ಲರ ಮೇಲೂ. ಆ ಹಳೇ ಪರೀಕ್ಷೆ ನಿನಗೆ ಗೊತ್ತಿತ್ತಾ?”

“ಯಾವುದು? ಓ, ಅದಾ... ಯಾರೋ ಶುರು ಮಾಡಿ ಬಿಟ್ಟಿದ್ದು. ಫಲಿತಾಂಶನೇ ಇಲ್ಲ. ಪಾಪದ ಹುಡುಗಿ, ಗೋಡೆ ತುಂಬ ಚುಕ್ಕೆ ಇಟ್ಟೂ ಇಟ್ಟೂ ತಲೆ ಕೆಟ್ಟಿದೆ ಅವಳಿಗೆ.”

“ಕಣ್ಣಿಗೆ ಮರದ ದೋಣಿ ಕಾಣುತ್ತಾ?”

“ವಿಚಾರಣೇಲಿ ಆಣೆ ಮಾಡಿ ಹೇಳಿದೀನಲ್ಲ. ತೇಲೋ ಕಡ್ಡೀನೂ ಕಾಣುತ್ತೆ. ಮತ್ತೆ ಮತ್ತೆ ಅದನ್ನೇ ಕೆದಕಿ ಆ ಹೆಂಗಸಿನ ಗಾಯಕ್ಕೆ ಉಪ್ಪು ಹಾಕಬೇಡ.”

ಅವನು ಹಾಲ್ಡಿಸಳ ಗಾಯದ ಮಾತೆತ್ತಿದ್ದು ಗುನ್ವೋರಳಿಗೆ ಚುಚ್ಚಿತು. ಕಾರು ಹತ್ತಿದಳು.

*

ಹಾಲ್ಡಿಸ್ ಬಾಗಿಲನ್ನು ಅರ್ಧವಷ್ಟೇ ತೆರೆದಳು.

“ಮತ್ತೆ ಏನು? ಅವನು ಕುಡಿದಿದ್ನಾ ಅಂತ ಕೇಳೋಕೆ ಬಂದ್ಯಾ?”

“ಇಲ್ಲ.”

“ಹೋದ ಸಲ ಕೇಳಿದ್ದೆ.”

“ಕೇಳಿದ್ದೆ. ನಿಯಮ ಇತ್ತು.”

“ನಿಯಮ! ನಲವತ್ತು ವರ್ಷ ಇದೇ ನೀರಲ್ಲಿ ಮೀನು ಹಿಡಿದ ಮನುಷ್ಯ. ಅವನಿಗೆ ಹಡಗು ಕಾಣ್ಲಿಲ್ವಂತೆ. ಆ ಕಬ್ಬಿಣದ ಗೂಬೆಗೆ ಅವನು ಕಂಡ್ನಂತೆ. ಮಕ್ಕಳು ಶಾಲೇಲಿ ಕೇಳಿಸ್ಕೋತಾರೆ, ‘ನಿಮ್ಮಪ್ಪ ಎಚ್ಚರಗೇಡಿ’ ಅಂತ. ಅದನ್ನ ಬರೆದವರು ಮನೇಲಿ ಬೆಚ್ಚಗೆ ಕೂತಿದ್ದಾರೆ.”

ಬಾಗಿಲು ಮುಚ್ಚಿತು.

ಗುನ್ವೋರ್ ಅಂಗಳದಲ್ಲಿ ನಿಂತಳು. ಪಕ್ಕದಲ್ಲಿ ಬೋರಲು ಹಾಕಿದ್ದ ತೋರ್ಗೈರನ ಎರಡನೆಯ ದೋಣಿಗೆ ಒರಗಿದಳು. ಅದರ ಬೆನ್ನ ಮೇಲಿನ ಹಿಮ ಜಾರಿ ಬಿತ್ತು. ಒಣಗಿದ ಹಲಗೆಗಳ ನಡುವೆ ಉಗುರು ತೂರುವಷ್ಟು ಬಿರುಕು.

ಅವಳು ಆ ಬಿರುಕನ್ನೇ ನೋಡಿದಳು. ಆಮೇಲೆ ರಸ್ತೆಯುದ್ದಕ್ಕೂ ನೋಡಿದಳು. ಪಕ್ಕದ ಮನೆಯ ದೋಣಿ—ಬೋರಲು. ಅದರಾಚೆಯದು—ಬೋರಲು. ಇಡೀ ಊರಿನ ದೋಣಿಗಳು ಹಿಮ ಹೊದ್ದು ಮಲಗಿದ್ದವು.

“ಥೂ ನನ್ನ ಬುದ್ಧಿಗೆ!” ಎಂದಳು ಗಟ್ಟಿಯಾಗಿ. ಮತ್ತೆ ಬಾಗಿಲು ಬಡಿದಳು. “ಹಾಲ್ಡಿಸ್! ತೆಗಿ. ನಾಳೆ ಸಭೆಗೆ ಬರಬೇಡ.”

“ನಾನೆಲ್ಲಿ ಬರ್ತೀನಿ ಅಂದೆ?”

“ಬರಬೇಡ. ಅದೇ ಹೊತ್ತಿಗೆ ನೀನು ಹುಟ್ಟು ಹಾಕಬೇಕು.”

*

ಸೋಮವಾರ ಸಭೆ ಸೇರಿದ ಊರಮನೆಯಲ್ಲಿ ಬಿಸಿ ವಾಫಲ್ ತಿಂಡಿಯ ಪರಿಮಳ ತುಂಬಿತ್ತು. ಜನ ಕಂದು ಚೀಸ್ ಹಚ್ಚಿದ ತುಂಡುಗಳನ್ನು ಕಚ್ಚುತ್ತ ಬೆಂಚುಗಳ ಮೇಲೆ ಒತ್ತೊತ್ತಿ ಕೂತಿದ್ದರು. ಮುಂದೆ ದೊಡ್ಡ ಪರದೆ: ಕಣ್ಣು ಈ ಕ್ಷಣ ಕಾಣುತ್ತಿರುವ ಫ್ಯೋರ್ಡು ಊರಿಗೆಲ್ಲ ಕಾಣಲೆಂದು ಎದ್ವಿನನೇ ಅದನ್ನು ಹಾಕಿಸಿದ್ದ. ಅದು ಚೆನ್ನಾಗಿ ಕಾಣಲೆಂದು ಕಿಟಕಿಗಳಿಗೆ ಬಟ್ಟೆ ಎಳೆಸಿದ್ದ.

ಐರಿನ್ ಮೂಲೆಯಲ್ಲಿ ನಿಂತಿದ್ದಳು. ಅವಳ ಪಕ್ಕ ಯಾರೂ ಕೂತಿರಲಿಲ್ಲ.

ಊರಸಭೆಯ ಅಧ್ಯಕ್ಷೆ ಬಾಯಿ ತೆರೆಯುವ ಮೊದಲೇ ಗುನ್ವೋರ್ ಎದ್ದಳು.

“ಕೈ ಎತ್ತೋಕೆ ಮುಂಚೆ ಒಂದು ಕಳ್ಳತನದ ವಿಷಯ ಇದೆ.”

“ಅದು ಮುಗಿದ ಕಥೆ ಅಲ್ವಾ?” ಎಂದ ಪ್ರೆಬೆನ್.

“ಮುಗಿಸಿಬಿಡಿ ಅಂದ್ರು. ನಾನು ಮುಗಿಸ್ಲಿಲ್ಲ. ಶನಿವಾರ ನಡುಗಡ್ಡೆಗೆ ಯಾವ ದೋಣಿನೂ ಬರ್ಲಿಲ್ಲ ಅಂತ ಕಣ್ಣು ಹೇಳುತ್ತೆ. ಹಾಗಾಗಿ ಐರಿನ್ನೇ ಕಳ್ಳಿ ಅಂತ ಎಲ್ಲರೂ ಹೇಳ್ತಾರೆ. ಆದ್ರೆ ಕಣ್ಣಿಗೆ ಕಾಣದ ದೋಣಿ ಬಂದಿದ್ರೆ?”

“ಕಣ್ಣಿಗೆ ಕಾಣದ ದೋಣಿ ಇಲ್ಲ,” ಎಂದ ಎದ್ವಿನ್.

“ಇದೆ ಅಂತ ಆ ಟೇಪಲ್ಲಿತ್ತು. ತಗ್ಗಾದ ಮರದ ದೋಣಿ, ಮೋಟಾರಿಲ್ಲ, ಬರೀ ಹುಟ್ಟು. ಕಣ್ಣು ಅದನ್ನ ಅಲೆ ಅಂದ್ಕೊಂಡು ಅಳಿಸಿಹಾಕುತ್ತೆ. ಕಳ್ಳನಿಗೆ ಇದು ಗೊತ್ತಿತ್ತು. ಹಾಗಾದ್ರೆ ಟೇಪಿನ ಒಳಗೇನಿದೆ ಅಂತಲೂ ಅವನಿಗೆ ಗೊತ್ತಿತ್ತು. ‘ಫಲಿತಾಂಶನೇ ಇಲ್ಲ’ ಅನ್ನೋದು ಸುಳ್ಳು ಅಂತ ಅವನ ಕಳ್ಳತನವೇ ಹೇಳ್ತು.”

“ಊಹೆ!” ಎಂದ ಎದ್ವಿನ್. “ಇಲ್ಲಿ ಮನೆಗೊಂದು ಮರದ ದೋಣಿ ಇದೆ.”

“ಇದೆ. ಎಲ್ಲಿದೆ?” ಅವಳು ಜನರತ್ತ ತಿರುಗಿದಳು. “ನಿಮ್ಮ ದೋಣಿ ಎಲ್ಲಿದೆ? ನಿಮ್ಮದು? ಎಲ್ಲ ಬೋರಲು, ಹಿಮದ ಕೆಳಗೆ. ಚಳಿಗಾಲ ಪೂರ್ತಿ ಒಣಗಿ ಹಲಗೆ ಬಾಯಿ ಬಿಟ್ಟಿವೆ. ಹಾಗೇ ನೀರಿಗಿಳಿಸಿದ್ರೆ ಕಟ್ಟೆ ದಾಟೋ ಮುಂಚೆ ತಳ ಸೇರುತ್ತೆ. ಅದಕ್ಕೇ ಅಲ್ವಾ ನಾವು ವಸಂತದಲ್ಲಿ ದೋಣಿಗೆ ನೀರು ತುಂಬಿ ಮುಳುಗಿಸಿಡೋದು? ಮರ ಉಬ್ಬಿ ಬಿರುಕು ಮುಚ್ಚೋಕೆ ದಿನಗಟ್ಟಲೆ ಬೇಕು. ಓಸ್ಲೋದ ಪ್ರೆಬೆನ್‌ಗೆ ಇದು ಗೊತ್ತಿಲ್ಲ. ಯೂಸ್ತೈನ್ ಬಾಡಿಗೆ ಮನೇಲಿರೋನು, ಮರದ ದೋಣಿನೇ ಇಲ್ಲ. ಊರಲ್ಲಿ ನೆನೆಹಾಕಿದ ದೋಣಿ ಒಂದೇ ಒಂದು. ಇಷ್ಟು ಹಿಮದಲ್ಲಿ, ಯಾರೂ ನೀರಿಗಿಳಿಯದ ಹೊತ್ತಲ್ಲಿ. ನಾನದನ್ನ ಕಣ್ಣಾರೆ ನೋಡ್ದೆ. ಎದುರಿಗೇ ನಿಂತು ಮಾತಾಡ್ದೆ. ಪ್ರತಿ ವರ್ಷ ನೋಡೋದೇ ಅಲ್ವಾ ಅಂತ ಮನಸ್ಸಿಗೆ ಹತ್ತಲೇ ಇಲ್ಲ.”

ಹಿಂದಿನ ಬೆಂಚಿನಿಂದ ಒಬ್ಬ ಮುದುಕ, “ಎದ್ವಿನ್, ನಿನ್ನ ಕಟ್ಟೆ ಹತ್ರ ಇದ್ದದ್ದು ನಿಮ್ಮಪ್ಪನ ದೋಣಿ ಅಲ್ವೇನೋ?” ಎಂದ.

“ದೋಣಿ ನೆನೆಹಾಕೋದು ಅಪರಾಧವಾ?” ಎದ್ವಿನನ ದನಿ ಏರಿತು.

“ಅಲ್ಲ. ನಿನ್ನ ಹತ್ರ ಒಳ್ಳೇ ಮೋಟಾರ್ ದೋಣಿ ಇದೆ. ಅದನ್ನ ಬಿಟ್ಟು ಹಿಮದಲ್ಲಿ ಹುಟ್ಟು ಯಾಕೆ ಹಾಕ್ದೆ? ತೇಲೋ ಕಡ್ಡೀನೂ ಕಾಣುತ್ತೆ ಅಂತ ಆಣೆ ಮಾಡಿದವನು ನೀನು. ಆ ಪರೀಕ್ಷೆ ಮಾಡಿದವನೂ ನೀನೇ, ಅಲ್ವಾ? ತೋರ್ಗೈರ್ ಸಾಯೋ ಮುಂಚೇನೇ ನಿನಗೆ ಗೊತ್ತಿತ್ತು!”

“ಟೇಪಿಲ್ಲದೆ ನೀನು ಏನನ್ನೂ ತೋರಿಸಲಾರೆ. ಅದು ನಿನಗೆ ಸಿಗೋದೂ ಇಲ್ಲ. ಫ್ಯೋರ್ಡಿನ ಆಳ—” ಎದ್ವಿನ್ ಮಾತು ನುಂಗಿಕೊಂಡ. ತಡವಾಗಿತ್ತು. ಬೆಂಚುಗಳಲ್ಲಿ ಗುಲ್ಲೆದ್ದಿತು.

“ಟೇಪು ಬೇಡ,” ಎಂದಳು ಗುನ್ವೋರ್. “ಯೂಸ್ತೈನ್, ಪರೀಕ್ಷಾ ಹಡಗು ಕಟ್ಟಿಹಾಕಿದ್ಯಾ?”

“ಹಾಕಿದೀನಿ. ಎದ್ವಿನನ ದೋಣಿಯ ನೀರೂ ಚೆಲ್ಲಿ ಕೊಟ್ಟೆ. ಒಂದು ಹನಿ ಸೋರ್ಲಿಲ್ಲ.”

“ಈಗ ಪರದೆ ನೋಡಿ, ಎಲ್ಲರೂ. ನಡುಗಡ್ಡೆಗೂ ಊರಿಗೂ ಮಧ್ಯೆ ಏನಿದೆ?”

“ಏನೂ ಇಲ್ಲ,” ಎಂದಳು ಅಧ್ಯಕ್ಷೆ.

ಐರಿನ್ ಕಿಟಕಿಯ ಬಟ್ಟೆಯನ್ನು ಸರ್ರನೆ ಎಳೆದಳು.

ಬೂದುಬಣ್ಣದ ನೀರಿನ ನಟ್ಟನಡುವೆ, ಬೆನ್ನು ಬಾಗಿಸಿ ಹುಟ್ಟು ಹಾಕುತ್ತ ಹಾಲ್ಡಿಸ್ ಬರುತ್ತಿದ್ದಳು. ಮಕ್ಕಳಿಗೂ ಗುರುತು ಸಿಗುವಷ್ಟು ಹತ್ತಿರ. ಜನ ಕಿಟಕಿ ನೋಡಿದರು, ಪರದೆ ನೋಡಿದರು, ಮತ್ತೆ ಕಿಟಕಿ ನೋಡಿದರು. ಪರದೆಯ ಮೇಲೆ ಖಾಲಿ ನೀರು. ಯಾರದೋ ತಟ್ಟೆ ಕೆಳಗೆ ಬಿತ್ತು. ಪ್ರೆಬೆನ್ ತನ್ನ ಕೋಟು ಹುಡುಕತೊಡಗಿದ.

ಗುನ್ವೋರ್ ಎದ್ವಿನನ ತೋಳು ಹಿಡಿದಳು. ಅವನು ಕೊಸರಲಿಲ್ಲ. ಕಿಟಕಿಯತ್ತ ನೋಡಲೂ ಇಲ್ಲ.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಹಾಲ್ಡಿಸಳ ತೋಳು ಮೊಣಕೈವರೆಗೆ ಒದ್ದೆ, ಮುಖ ಕೆಂಪು.

“ಕಣ್ಣಿಗೆ ಕಂಡೆನಾ ನಾನು?”

ಅಧ್ಯಕ್ಷೆ ಪರದೆಯತ್ತ ತಿರುಗಿದಳು.

“ಕೇಳ್ತಿದೀನಿ. ಕಂಡೆನಾ?”

“ಇಲ್ಲ, ಹಾಲ್ಡಿಸ್,” ಎಂದ ಯೂಸ್ತೈನ್. “ದಡ ಮುಟ್ಟೋವರೆಗೂ ಕಾಣ್ಲಿಲ್ಲ.”

ಅವಳು ಬೆಂಚುಗಳ ನಡುವೆ ನಡೆದು ಬಂದಳು. ಎದ್ವಿನನನ್ನು ದಾಟಿ ಅಧ್ಯಕ್ಷೆಯ ಮೇಜಿನ ಮುಂದೆ ನಿಂತಳು. ಮೇಜಿನ ಮೇಲಿದ್ದ ವಾಫಲ್ ತಟ್ಟೆಯನ್ನು ಒದ್ದೆ ಕೈಯಿಂದ ಆಚೆ ಸರಿಸಿದಳು.

“ಹಾಗಾದ್ರೆ ನನ್ನ ಗಂಡನದು ತಪ್ಪಿರ್ಲಿಲ್ಲ ಅಂತ ಬರೀರಿ. ನಾಳೆ ಅಲ್ಲ, ಇಲ್ಲೇ, ಎಲ್ಲರ ಮುಂದೆ. ಬರೆದದ್ದನ್ನ ಗಟ್ಟಿಯಾಗಿ ಓದಿ. ನನ್ನ ಮಕ್ಕಳು ಬಾಗಿಲ ಹತ್ರ ನಿಂತಿದ್ದಾರೆ.”