ಮೂರನೆಯ ಚೀಟಿ

ಸ್ಕೂಟರಿನ ಮುಂದಿನ ಚಕ್ರಕ್ಕೆ ಸರಪಳಿ ಬಿಗಿದು, ಹ್ಯಾಂಡಲ್ಲಿಗೆ ಹಳದಿ ಚೀಟಿ ಸಿಕ್ಕಿಸುತ್ತಿದ್ದ ಕೈಯನ್ನು ಸಮನ್ವಿತಾ ಓಡಿಬಂದು ಹಿಡಿದೇಬಿಟ್ಟಳು.

ಬೀರೇಶ್ ತಲೆಯೆತ್ತಿದ. ಆಮೇಲೆ ಅವಳೇ ಕೈ ಬಿಟ್ಟಳು.

"ನಾನೊಬ್ಬಳೇ ಕಾಣೋದಾ ನಿಮಗೆ? ಈ ಸಾಲಲ್ಲಿ ಎಷ್ಟು ಗಾಡಿ ನಿಂತಿವೆ ನೋಡಿ."

"ಅವಕ್ಕೂ ಬರ್ದಿದೀನಿ ಮೇಡಂ. ನಿಮ್ದು ಮೂರನೇದು."

ಪಾರ್ಕಿಂಗ್ ಬಿಟ್ಟು ಬೇರೆ ಕಡೆ ಗಾಡಿ ನಿಲ್ಲಿಸಿ ಮೂರನೆಯ ಚೀಟಿ ಬಿದ್ದರೆ ಚಕ್ರಕ್ಕೆ ಬೀಗ. ಗಾಡಿಯ ಮಾಲೀಕರು ಕಾಲೇಜಿನ ಆಫೀಸಿಗೆ ಬಂದು ಸಹಿ ಹಾಕಿದರೆ ಮಾತ್ರ ಬೀಗದ ಕೈ ಸಿಗುತ್ತದೆ.

ಅಲ್ಲಿನ ಲೈಬ್ರರಿಯಲ್ಲಿ ಕೆಲಸ ಮಾಡುವ ಸಮನ್ವಿತಾಗೆ ದಿನಾ ಮೂರೂಕಾಲಿಗೆ ಅರ್ಧ ಗಂಟೆ ಅನುಮತಿ. ಅಷ್ಟರಲ್ಲಿ ಲಕ್ಷ್ಮೀಪುರಂನ ಶಾಲೆಯಿಂದ ಮಗಳು ಲಾಸ್ಯಳನ್ನು ಕರೆತರಬೇಕು. ಪಾರ್ಕಿಂಗ್ ದೂರ ಎಂದೇ ಅವಳು ಲೈಬ್ರರಿ ಮೆಟ್ಟಿಲ ಪಕ್ಕ ನಿಲ್ಲಿಸುತ್ತಿದ್ದುದು. ಹೋದ ವಾರ ಹತ್ತು ನಿಮಿಷ ತಡವಾಗಿದ್ದಕ್ಕೆ ಮಗು ಗೇಟಿನ ಬಳಿ ಒಬ್ಬಳೇ ನಿಂತು ಬಿಕ್ಕುತ್ತಿತ್ತು.

ಮೊದಲೆಲ್ಲ ಸೆಕ್ಯೂರಿಟಿ ಸೂಪರ್‌ವೈಸರ್ ಬೀರೇಶ್ ಅವಳ ಗಾಡಿ ಕಂಡೂ ಕಾಣದಂತೆ ಹೋಗುತ್ತಿದ್ದ. ಪೇಪರ್ ಓದುವ ನೆಪದಲ್ಲಿ ಬಂದು ಅವಳ ಮೇಜಿನೆದುರೇ ಕೂರುತ್ತಿದ್ದ. ಒಂದೇ ಪುಟ ಅರ್ಧ ಗಂಟೆ ಓದ್ತೀರಲ್ಲ ಎಂದು ಅವಳು ಕಾಲೆಳೆದರೆ ಕಿವಿ ಕೆಂಪಾಗುತ್ತಿತ್ತು. ಮನೆಯಲ್ಲಿ ತಾನು, ಮಗಳು ಇಬ್ಬರೇ ಎಂದು ಅವಳು ಹೇಳಿದ್ದು ಅವನೊಬ್ಬನಿಗೆ. ಯಾಕೆ ಇಬ್ಬರೇ ಎಂದು ಮಾತ್ರ ಹೇಳಿರಲಿಲ್ಲ. 'ಅಯ್ಯೋ ಪಾಪ' ಅನ್ನುವ ಕಣ್ಣುಗಳು ಅವಳಿಗೆ ಸಾಕಾಗಿದ್ದವು.

ಮೂರು ತಿಂಗಳಿಂದ ಅವನು ಬರುವುದು ನಿಂತಿತ್ತು. ಬದಲಿಗೆ ಚೀಟಿಗಳು ಬಂದವು.

ನಾನೇನು ತಪ್ಪು ಮಾಡಿದೆ... ರಾತ್ರಿ ಪಾತ್ರೆ ತೊಳೆಯುವಾಗೆಲ್ಲ ಅವಳಿಗೆ ಇದೇ ಯೋಚನೆ.

"ಗಾಡಿ ವಾಗೀಶ್ ಅನ್ನೋರ ಹೆಸರಲ್ಲಿದೆ." ಅವನು ಚೀಟಿಯನ್ನೇ ನೋಡುತ್ತ ಹೇಳಿದ. "ನಿಮ್ಮ ಯಜಮಾನ್ರನ್ನ ಕರೆಸಿ. ಅವರೇ ಸೈನ್ ಹಾಕ್ಬೇಕು."

"ಅವರು ಬರಕ್ಕಾಗಲ್ಲ."

"ಬೇರೆ ಊರಲ್ಲಿ ಕೆಲ್ಸವಾ?"

"ತೀರ್ಕೊಂಡು ನಾಲ್ಕು ವರ್ಷ ಆಯ್ತು."

ಬೀರೇಶ್ ಮೆಟ್ಟಿಲ ಮೇಲೆ ಕೂತುಬಿಟ್ಟ.

ಗಾಡಿಯನ್ನು ತನ್ನ ಹೆಸರಿಗೆ ಬದಲಾಯಿಸುವ ಅರ್ಜಿಯನ್ನು ಎರಡು ಸಲ ತುಂಬಿಸಿ, ಎರಡು ಸಲವೂ ಮಡಿಸಿಟ್ಟದ್ದನ್ನು ಅವಳು ತಡೆತಡೆದು ಹೇಳಿದಳು. ರೇಷನ್ ಕಾರ್ಡು, ಬ್ಯಾಂಕು, ಎಲ್ಲ ಕಡೆ ಆ ಹೆಸರು ತೆಗೆಸಿಯಾಗಿತ್ತು. ಇದೊಂದಕ್ಕೆ ಮನಸ್ಸು ಬರಲಿಲ್ಲ.

ಅವನೂ ಹೇಳಿದ. ಅವಳ ಗಾಡಿಯ ಗೇಟ್ ಪಾಸ್ ಹೊಸದು ಮಾಡುವಾಗ ಆ ಹೆಸರು ನೋಡಿ ಗಂಡನೇ ಇರಬೇಕು ಅಂದುಕೊಂಡನಂತೆ. ಗಂಡನಿದ್ದೂ ಇಬ್ಬರೇ ಅಂದಳಲ್ಲ ಎಂದು ಸಂಕಟವಾಯಿತಂತೆ. ಆ ಮೇಡಂ ಗಾಡಿಗೆ ಮಾತ್ರ ಚೀಟಿ ಇಲ್ವಾ ಎಂದು ಗಾರ್ಡ್ ಕಾಳಯ್ಯ ನಕ್ಕ ದಿನವೇ ಮೊದಲ ಚೀಟಿ ಬರೆದನಂತೆ, ಅವಳ ಮೇಲೆ ಮಾತು ಬರಬಾರದೆಂದು.

"ನನ್ನನ್ನ ಒಂದು ಮಾತು ಕೇಳ್ಬೋದಿತ್ತು."

"ಹೆದ್ರಿಬುಟ್ಟೆ. ಗಂಡ ಇದಾರೆ ಅಂತ ನಿಮ್ಮ ಬಾಯಲ್ಲೇ ಕೇಳಿದ್ರೆ... ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ ಕಣ್ರೀ."

ಸಮನ್ವಿತಾ ಮುಖ ತಿರುಗಿಸಿದಳು. ಸಿಟ್ಟು ಬಂದಿತ್ತು. ಸಿಟ್ಟಿನ ಕೆಳಗೆ ಇನ್ನೇನೋ ಇತ್ತು.

ಬರೆದ ಚೀಟಿ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ, ನಾಳೆ ವಾಗೀಶನ ಮರಣ ಪತ್ರ ತಂದು ತೋರಿಸಿದರೆ ಅವಳ ಸಹಿಯೇ ನಡೆಯುತ್ತದೆ ಎಂದ. ಆ ಕಾಗದವನ್ನು ಅವಳು ಮತ್ತೆ ಕೈಗೆತ್ತಿಕೊಳ್ಳಬೇಕಿತ್ತು. ಆದರೆ ಈಗ ಗಂಟೆ ಮೂರೂ ಇಪ್ಪತ್ತು.

"ಇವತ್ತು ಲಾಸ್ಯ ಕಾಯ್ತಿರ್ತಾಳೆ..."

ಅವನು ಎದ್ದು ತನ್ನ ಬೈಕು ತಂದು ನಿಲ್ಲಿಸಿದ. ಗಾರ್ಡುಗಳು ನೋಡುತ್ತಿದ್ದರು.

"ಜನ ನೋಡ್ತಿದಾರೆ," ಎಂದಳು.

"ನೋಡ್ಲಿ. ಅವರಿಗೆ ಹೆದರಿ ಮೂರು ಚೀಟಿ ಬರೆದೆ. ನಾಲ್ಕನೇದು ಬರೆಯಲ್ಲ."

ಅವಳು ನಿಧಾನವಾಗಿ ಹಿಂದೆ ಕೂತಳು. ಹಿಡಿದುಕೊಳ್ಳಲೋ ಬೇಡವೋ ಎಂದು ತಿಳಿಯದೆ, ಕೊನೆಗೆ ಅವನ ಭುಜದ ಮೇಲೆ ಕೈಯಿಟ್ಟಳು.

"ಇವರು ಯಾರು ಅಂತ ಲಾಸ್ಯ ಕೇಳ್ತಾಳೆ."

"ಏನಂತೀರಿ?"

"ನಂಗೆ ಗೊತ್ತಿಲ್ಲ. ನೀವೇ ಹೇಳಿ ಅವಳಿಗೆ."

ಅವನು ಬೈಕು ಸ್ಟಾರ್ಟ್ ಮಾಡಿದ.

"ಹೇಳ್ತೀನಿ," ಎಂದ.