ಬೆಟ್ಟದಾವರೆಯ ಹಲಗೆ

"ಮತ್ತೆ ಗುಲಾಬಿ!"

ಚೂಟಿ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ನಿನ್ನೆ ಅವಳು ಬಳಿದಿದ್ದ ಬಿಳಿ ಹೂವಿನ ಮೇಲೆ ಯಾರೋ ಗುಲಾಬಿ ಬಣ್ಣ ಮೆತ್ತಿದ್ದರು. ಮೊನ್ನೆ ಬಳಿದಿದ್ದಕ್ಕೂ ಇದೇ ಗತಿ ಆಗಿತ್ತು.

ಹಲಗೆಯ ಹಿಂದೆ ನಿನ್ನೆ ಅವಳೇ ಪೆನ್ಸಿಲ್‌ನಲ್ಲಿ ಬರೆದಿದ್ದಳು: "ನನ್ನ ಬಿಳಿ ಮುಟ್ಟಬೇಡ." ಅದರ ಕೆಳಗೆ ಈಗ ದುಂಡಗಿನ ಅಕ್ಷರದಲ್ಲಿ ಉತ್ತರ ಬಂದಿತ್ತು: "ಕಣ್ಣು ಟೆಸ್ಟ್ ಮಾಡಿಸ್ಕೋ."

ಅವರ ಶಾಲೆಯಲ್ಲಿ ಮಕ್ಕಳು ಹೆಚ್ಚು, ಕೋಣೆ ಕಡಿಮೆ. ಬೆಳಿಗ್ಗೆ ಒಂದು ಗುಂಪು, ಮಧ್ಯಾಹ್ನ ಇನ್ನೊಂದು. ಹಿತ್ತಲ ತೋಟದ ಒಂದೊಂದು ಗಿಡದ ಮುಂದೂ ಅದರ ಚಿತ್ರದ ಹಲಗೆ ನೆಡಬೇಕಿತ್ತು. ಒಂದು ಹಲಗೆಗೆ ಬೆಳಗಿನವರೊಬ್ಬರು, ಮಧ್ಯಾಹ್ನದವರೊಬ್ಬರು.

ಚೂಟಿಗೆ ಸಿಕ್ಕಿದ್ದು ಬೆಟ್ಟದಾವರೆ. ಮೊದಲ ಪೀರಿಯಡ್‌ನಲ್ಲಿ ಅದರ ಮುಂದೆ ಕೂತರೆ, ಹೂವುಗಳನ್ನು ಹಾಲಿನಲ್ಲಿ ಅದ್ದಿ ತೆಗೆದ ಹಾಗೆ ಕಾಣುತ್ತಿತ್ತು. ಆಮೇಲೆ ಮಹಡಿಯ ಮೇಲೆ ಕ್ಲಾಸು. ಹನ್ನೆರಡಕ್ಕೆ ಬೆಲ್ಲಾದರೆ ಮುಂದಿನ ಗೇಟಿನಿಂದ ಮನೆಗೆ.

"ನಾಳೆ ಬೆಳಿಗ್ಗೆ ಮುಗಿದಿಲ್ಲ ಅಂದ್ರೆ ಈ ಗಿಡಕ್ಕೆ ಬೋರ್ಡೇ ಇಲ್ಲ" ಎಂದರು ಬೆಳಗಿನ ಡ್ರಾಯಿಂಗ್ ಮಿಸ್.

ಆವತ್ತು ಚೂಟಿ ಬ್ರಷ್ ಮುಟ್ಟಲಿಲ್ಲ. ಹನ್ನೆರಡಕ್ಕೆ ಕರೆದೊಯ್ಯಲು ಅತ್ತೆ ಬಂದರು. ಅತ್ತೆ ಬಟ್ಟೆ ಹೊಲಿಯುವವರು. ಅಳತೆ ಟೇಪು ಇನ್ನೂ ಕೊರಳಲ್ಲೇ ಇತ್ತು.

"ಅತ್ತೆ, ಸ್ವಲ್ಪ ಹೊತ್ತು ಇರೋಣ. ಒಬ್ಬರನ್ನ ಹಿಡೀಬೇಕು."

"ಯಾರನ್ನೇ? ಕಳ್ಳರನ್ನಾ?"

"ಅದಕ್ಕಿಂತ ಜಾಸ್ತಿ!"

ಮನೆಯಲ್ಲಿ ಹೊಲಿಗೆ ರಾಶಿ ಬಿದ್ದಿತ್ತು. ಆದರೂ ಅತ್ತೆ ಶಾಲೆಯ ಕಟ್ಟೆಯ ಮೇಲೆ ಕೂತು, ಚೂಟಿಯ ಅಂಗಿಯ ಸಡಿಲ ಗುಂಡಿಗೆ ದಾರ ಹಾಕತೊಡಗಿದರು.

ಹನ್ನೆರಡೂವರೆಗೆ ಸ್ವಲ್ಪ ಮೊದಲು ದಪ್ಪ ಕನ್ನಡಕದ ಹುಡುಗಿಯೊಬ್ಬಳು ಬಂದು, ಕಟ್ಟೆಗೆ ಒರಗಿಸಿಟ್ಟಿದ್ದ ಹಲಗೆ ಎತ್ತಿಕೊಂಡಳು.

"ಓಹೋ, ಗುಲಾಬಿ ನೀನೇನಾ?" ಎಂದಳು ಚೂಟಿ.

"ಬಿಳಿ ನೀನೇನಾ? ನನ್ನ ಹೂವಿಗೆ ದಿನಾ ಸುಣ್ಣ ಬಳೀತಿದ್ಯಲ್ಲ!"

"ಬಾ, ಗಿಡದ ಹತ್ರಾನೇ ಹೋಗೋಣ!"

ಮುಂದೆ ಓಡಿದ ಚೂಟಿ ಗಕ್ಕನೆ ನಿಂತಳು. ಗಿಡದ ತುಂಬ ಗುಲಾಬಿ ಬಣ್ಣದ ಹೂ! ಬೆಳಿಗ್ಗೆ ಮೂಗು ತಾಗಿಸಿ ನೋಡಿದ್ದ ಹೂವೇ ಅದು. ಪಕ್ಕದ ಎಲೆಯಲ್ಲಿ ಹುಳ ಕೊರೆದ ಅದೇ ತೂತು. ಬೆರಳಿನಿಂದ ದಳವನ್ನು ಮೆಲ್ಲಗೆ ಉಜ್ಜಿದಳು. ಬೆರಳಿಗೆ ಏನೂ ಅಂಟಲಿಲ್ಲ.

"ಯಾರೋ ಏನೋ ಮಾಡಿದ್ದಾರೆ" ಎಂದು ಪಿಸುಗುಟ್ಟಿದಳು.

ಮಣ್ಣು ಸಡಿಲಿಸುತ್ತಿದ್ದ ತೋಟದಮ್ಮ ನಕ್ಕರು. "ಯಾರೂ ಏನೂ ಮಾಡಿಲ್ಲಮ್ಮ. ಬೆಳಿಗ್ಗೆ ಬಿಳಿ, ಮಧ್ಯಾಹ್ನ ಗುಲಾಬಿ, ಸಂಜೆಗೆ ಕೆಂಪು. ಒಂದೇ ದಿನದ ಹೂ. ಮುದುಡಿದ್ದನ್ನ ನೀವು ಬರೋ ಮೊದಲೇ ನಾನು ಕಿತ್ತುಬಿಡ್ತೀನಿ."

"ಮೊದಲೇ ಹೇಳೋದಲ್ವಾ?" ಇಬ್ಬರೂ ಒಟ್ಟಿಗೇ ಕೇಳಿದರು.

"ನೀವು ಕೇಳಿದ್ರೆ ತಾನೇ?"

ಕನ್ನಡಕದ ಹುಡುಗಿ ಕನ್ನಡಕ ತೆಗೆದು ಒರೆಸಿಕೊಂಡಳು. "ನಾನು ಬಿಳಿ ನೋಡೇ ಇಲ್ಲ. ಹೇಗಿರುತ್ತೆ?"

ಹಾಲು, ಹತ್ತಿ, ಹೊಸ ಕಾಗದ... ಚೂಟಿಗೆ ಯಾವುದೂ ಸಾಲಲಿಲ್ಲ.

"ಅದಿನ್ನೂ... ನಿದ್ದೆಯಲ್ಲಿರೋ ಹಾಗೆ" ಎಂದಳು.

ಅಷ್ಟರಲ್ಲಿ ಬೆಲ್ಲಾಯಿತು. ಹುಡುಗಿ ಹಲಗೆ ಹಿಡಿದು ಓಡಿದಳು.

ಮರುದಿನ ಬೆಳಿಗ್ಗೆ ಹಲಗೆಯಲ್ಲಿ ಗುಲಾಬಿ ಬಣ್ಣದ ಹೂ ಹಾಗೇ ಇತ್ತು. ಅದರ ಕೆಳಗೊಂದು ಮುದುಡಿದ ಕೆಂಪು ಹೂ. ಮೇಲೆ, ಎಲೆಗಳ ನಡುವೆ, ಪೆನ್ಸಿಲ್ಲಿನ ಗೆರೆಯಷ್ಟೇ ಇದ್ದ ಇನ್ನೊಂದು ಹೂ. ಚೂಟಿ ಹಲಗೆ ತಿರುಗಿಸಿದಳು. ಹಿಂದೆ ಅದೇ ದುಂಡಗಿನ ಅಕ್ಷರ:

"ನಿದ್ದೆಯಲ್ಲಿರೋದು ನಿಂದು."

ಅವಳು ಬಿಳಿ ಬಣ್ಣದಲ್ಲಿ ಬ್ರಷ್ ಅದ್ದಿದಳು. ಗೆರೆಯಾಚೆ ಒಂದು ಹನಿಯೂ ಹೋಗದ ಹಾಗೆ, ಉಸಿರು ಬಿಗಿಹಿಡಿದು ತುಂಬಿದಳು. ಮಿಸ್ ಹಲಗೆ ನೋಡಿ, ಮೊಳೆ ಸುತ್ತಿಗೆ ತರಲು ಹೋದರು.

ಮಹಡಿಯ ಕ್ಲಾಸಿನಿಂದ ತೋಟ ಕಾಣುವುದಿಲ್ಲ. ಆದರೂ ಲೆಕ್ಕ ಮಾಡುತ್ತಿದ್ದ ಚೂಟಿಗೆ ಅನಿಸುತ್ತಲೇ ಇತ್ತು, ಈಗ ಕೆಳಗೆ, ಯಾರೂ ನೋಡದಿರುವಾಗ, ದಳದ ಅಂಚಿಗೆ ಮೆಲ್ಲಮೆಲ್ಲಗೆ ಬಣ್ಣ ಇಳಿಯುತ್ತಿರಬೇಕು.

ಹನ್ನೆರಡರ ಬೆಲ್ಲಾಯಿತು. ಎಲ್ಲರೂ ದಡಬಡ ಹೊರಟರು. ಎದ್ದ ಚೂಟಿ ಅಲ್ಲೇ ನಿಂತಳು. ಡೆಸ್ಕಿನ ತುಂಬ ಅವಳ ರಬ್ಬರಿನ ಪುಡಿ. ಇನ್ನರ್ಧ ಗಂಟೆಗೆ ಇಲ್ಲಿ ಯಾರೋ ಬಂದು ಕೂರುತ್ತಾರೆ.

ಅಂಗೈಯಿಂದ ಪುಡಿಯನ್ನೆಲ್ಲ ಸವರಿ ತೆಗೆದಳು. ಬೆಂಚಿನ ತುದಿಗೆ ಬಿಸಿಲು ಬೀಳಲು ಶುರುವಾಗಿತ್ತು. ಕಿಟಕಿಯ ಒಂದು ಬಾಗಿಲನ್ನು ಮುಚ್ಚಿ, ಮೆಟ್ಟಿಲಿಳಿದಳು.