ಮುಕ್ಕಾಲು ಸೆಕೆಂಡು

ಗವಸಿನ ಗುಂಡಿ ಒತ್ತಿದೊಡನೆ ಆರು ವರ್ಷದ ಇಂಚರಳ ಬೆರಳುಗಳು ಬಳಪ ಹಿಡಿದು ತಾವಾಗಿಯೇ ಹೊರಟವು. ಎರಡು ನಿಮಿಷದಲ್ಲಿ ನಲವತ್ತೊಂಬತ್ತು ಅಕ್ಷರ. ಒಂದರ ಹೊಟ್ಟೆ ಊದಿರಲಿಲ್ಲ, ಒಂದರ ತಲೆಕಟ್ಟು ವಾಲಿರಲಿಲ್ಲ. ಅವಳ ಅಪ್ಪ ಶಾಂತವೀರ ಗಡಿಯಾರ ನೋಡಿ, ಇನ್ನೂ ಹತ್ತು ಸೆಕೆಂಡು ಉಳಿಸಬಹುದಿತ್ತು ಎಂದುಕೊಂಡ.

ಅವನ ಹೆಸರಿನಲ್ಲಿದ್ದ ಶಾಂತಿ ಸ್ವಭಾವದಲ್ಲಿ ಚೂರೂ ಇರಲಿಲ್ಲ. ಹಾಲು ಕಾಯುವವರೆಗೆ ಒಲೆಯ ಮುಂದೆ ನಿಲ್ಲಲಾರದೆ ಮೂರು ಪಾತ್ರೆ ಸೀಯಿಸಿದ ವಿಜ್ಞಾನಿ ಅವನು. ಗೋಡೆಗಳೇ ಪಾಠ ಹೇಳುವ ಕಾಲ ಬಂದಿದ್ದರೂ, ಕೈಯಾರೆ ಬರೆಯದ ಮಕ್ಕಳಿಗೆ ಓದಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲವೆಂದು ಸರ್ಕಾರ ಪಾಟಿ-ಬಳಪವನ್ನು ಮತ್ತೆ ಕಡ್ಡಾಯ ಮಾಡಿತ್ತು. ಆದರೆ ಕೈ ಹಿಡಿದು ತಿದ್ದಿಸಬಲ್ಲ ಶಿಕ್ಷಕರು ಹುಡುಕಿದರೂ ಸಿಗುತ್ತಿರಲಿಲ್ಲ. ಆ ಕೊರತೆ ನೀಗಿಸಲು ಹುಟ್ಟಿದ್ದೇ ಶಾಂತವೀರನ 'ಬರಹಗವಸು'.

ಗವಸಿನ ಬಟ್ಟೆಯೊಳಗೆ ಕೂದಲಿಗಿಂತ ತೆಳುವಾದ ಕೃತಕ ಸ್ನಾಯುಗಳಿದ್ದವು. ವಿದ್ಯುತ್ತು ಹರಿದರೆ ಅವು ಕುಗ್ಗಿ ಬೆರಳನ್ನು ಎಳೆಯುತ್ತಿದ್ದವು. ನುರಿತ ಕೈಯೊಂದರ ಚಲನೆಯನ್ನು ಒಮ್ಮೆ 'ಚಲನಲೇಖ'ವಾಗಿ ದಾಖಲಿಸಿಕೊಂಡರೆ ಸಾಕು, ಯಾವ ಮಗುವಿನ ಕೈಯಲ್ಲಾದರೂ ಅದೇ ಚಲನೆ ಮರುಕಳಿಸುತ್ತಿತ್ತು. ಅಂಥ ಕೈಯನ್ನು ಹುಡುಕಿಕೊಂಡು ಅವನು ಲಕ್ಷ್ಮೇಶ್ವರದ ಕಸ್ತೂರಿಬಾಯಿಯವರ ಬಳಿ ಹೋಗಿದ್ದ. ಮೂವತ್ತು ವರ್ಷ ಒಂದನೆಯ ಇಯತ್ತೆಗೇ ಕಲಿಸಿದವರು. ಒಂಟಿಯಾಗಿ ಬರೆಯಲು ಆಕೆ ಒಪ್ಪಲಿಲ್ಲ. "ಕೂಸಿನ ಕೈ ಹಿಡೀಲಾರದ ನನಗ ಬರಿಯಾಕs ಬರೂದಿಲ್ರಿ" ಎಂದರು. ಹೀಗಾಗಿ ಅವರು ಮಕ್ಕಳ ಕೈ ಹಿಡಿದು ತಿದ್ದಿಸುವಾಗಲೇ ದಾಖಲೆ ನಡೆಯಿತು.

ಆ ಲೇಖದಲ್ಲಿ ಒಂದು ಕುಂದು ಕಂಡಿತ್ತು. ಪ್ರತಿ ಅಕ್ಷರದ ಕೊನೆಯ ಗೀಟಿಗೆ ಮುಂಚೆ ಅವರ ಕೈ ನಿಂತು, ಹಿಡಿತ ಸಡಿಲಾಗುತ್ತಿತ್ತು. ಸರಾಸರಿ ಮುಕ್ಕಾಲು ಸೆಕೆಂಡು. ವಯಸ್ಸಾಗಿದೆ, ದಣಿಯುತ್ತಾರೆ ಎಂದುಕೊಂಡ ಶಾಂತವೀರ ಅದಕ್ಕೆ 'ವ್ಯರ್ಥವಿರಾಮ' ಎಂದು ಹೆಸರಿಟ್ಟು ಎಲ್ಲವನ್ನೂ ಕತ್ತರಿಸಿದ. ಒಂದು ವರ್ಣಮಾಲೆಗೆ ಅರ್ಧ ನಿಮಿಷಕ್ಕೂ ಹೆಚ್ಚು ಉಳಿಯಿತು. ಶಿಕ್ಷಣ ಇಲಾಖೆ ಖುಷಿಯಿಂದ ಸಾವಿರ ಶಾಲೆಗಳಿಗೆ ಗವಸು ಬೇಕೆಂದಿತು. ಲಾರಿಗಳು ನಾಳೆ ಸೋಮವಾರ ಹೊರಡುವುದಿತ್ತು.

"ಗವಸು ತಗಿ. ಈಗ ನೀನs ಬರಿ ನೋಡೋಣು" ಎಂದ ಮಗಳಿಗೆ.

ಇಂಚರ ಬಳಪ ಹಿಡಿದಳು. ಕೈ ಪಾಟಿಯ ಮೇಲೆ ಒಂದಂಗುಲ ಎತ್ತರದಲ್ಲಿ ನಿಂತಿತು, ಕೆಳಗಿಳಿಯಲಿಲ್ಲ.

"ಯಾಕವಾ?"

"ಇನ್ನಾ ಹೊಂಟಿಲ್ಲಪ್ಪಾ" ಎಂದಳು, ಬಸ್ಸಿಗೆ ಕಾಯುವವಳಂತೆ ತನ್ನ ಕೈಯನ್ನೇ ನೋಡುತ್ತ.

ಎರಡು ತಿಂಗಳಿಂದ ಗವಸನ್ನು ಪ್ರಯೋಗವಾಗಿ ಬಳಸುತ್ತಿದ್ದ ಶಾಲೆಯ ಮೇಷ್ಟ್ರಿಗೆ ಶಾಂತವೀರ ಫೋನು ಹಚ್ಚಿದ. ಗವಸು ತೆಗೆಸಿ ಯಾವತ್ತಾದರೂ ನೋಡಿದ್ದೀರಾ ಎಂದು ಕೇಳಿದ. "ನಿನ್ನೆ ನೋಡಿದೆ ಸರ್. ಮೂವತ್ತೂ ಮಂದಿ ಕೈ ಎತ್ತಿಗೊಂಡು ಸುಮ್ಮನ ಕೂತ್ರು" ಎಂದರು ಅವರು. ಮನೆಯೊಳಗೆ ನಾಲ್ಕು ಸುತ್ತು ತಿರುಗಿದ. ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಕೊನೆಗೆ ಮಗಳನ್ನು ಕಾರಿಗೆ ಹತ್ತಿಸಿಕೊಂಡು ಹುಬ್ಬಳ್ಳಿಯಿಂದ ಲಕ್ಷ್ಮೇಶ್ವರಕ್ಕೆ ಹೊರಟೇಬಿಟ್ಟ.

ಕಸ್ತೂರಿಬಾಯಿ ಪಡಸಾಲೆಯಲ್ಲಿ ಮೆಂತ್ಯಪಲ್ಲೆಯ ಎಲೆ ಬಿಡಿಸಿ ಸೋಸುತ್ತಿದ್ದರು. ಅವನು ಚಪ್ಪಲಿ ಬಿಡುವ ಮೊದಲೇ ಎಲ್ಲವನ್ನೂ ಹೇಳಿ ಮುಗಿಸಿದ.

"ನೀವು ನಿಲ್ಲತಿದ್ರೆಲ್ಲ ಅಕ್ಕಾರ, ಕಡೀ ಗೀಟಿಗಿಂತ ಮೊದಲ. ದಣಿವಾಗಿ ನಿಲ್ಲತಿದ್ರೇನು?"

"ದಣಿವು ಯಾಕಾದೀತ್ರಿ? ಕಾಯ್ತಿದ್ದೆ. ಅಲ್ಲೀತನಕ ನನ್ನ ಕೈ. ಅಲ್ಲಿ ಸಡ್ಲ ಬಿಡ್ತೀನಿ. ಕೂಸಿನ ಕೈ ತಾನs ಹೊಂಟ್ರ ಹೊಂಟಿತು. ಇಲ್ಲಂದ್ರ ಮತ್ತ ನಾನs ಒಯ್ತೀನಿ."

"ಎಷ್ಟು ದಿನ ಕಾಯ್ತೀರಿ?"

"ಒಂದು ಕೂಸು ನಾಕ ದಿನಕ್ಕ ಹೊಂಡ್ತದ, ಇನ್ನೊಂದು ದೀಪಾವಳಿಗೆ. ನಾವು ಬರಿಸೂದೆಲ್ಲಾ ಆ ಕಡೀ ಗೀಟಿನ ಸಲುವಾಗಿ ಅಲ್ಲೇನ್ರಿ?"

"ನಾ ಅದನ್ನs ಕತ್ತರಿಸಿಬಿಟ್ಟೀನ್ರಿ."

ಕಸ್ತೂರಿಬಾಯಿ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಲಾರಿ ತಡೆಯಿರೆಂದು ಅಲ್ಲಿಂದಲೇ ಫೋನು ಮಾಡಿದ. ಕಾರಣ ಏನೆಂದು ಬರೆದುಕೊಳ್ಳಲಿ ಎಂದು ಆಚೆಯವರು ಕೇಳಿದಾಗ, ತಪ್ಪು ನನ್ನದು ಎಂದಷ್ಟೇ ಹೇಳಿದ. ಮೂಲ ಲೇಖ ಇದೆ, ಕತ್ತರಿಸಿದ್ದನ್ನು ವಾರದೊಳಗೆ ಮತ್ತೆ ಸೇರಿಸುತ್ತೇನೆ ಎಂದು ಕಸ್ತೂರಿಬಾಯಿಯವರಿಗೂ ಮಾತು ಕೊಟ್ಟ.

"ಗವಸಿಗೆ ಆಮ್ಯಾಲೆ ಕಲಿಸ್ರಿ" ಎಂದು ಅವರು ಒಳಗಿನಿಂದ ಪಾಟಿ ತಂದು ಅವನ ಮುಂದಿಟ್ಟರು. "ಮೊದಲ ನೀವು ಕಲೀರಿ."

ಶಾಂತವೀರ ಮಗಳ ಹಿಂದೆ ಕೂತು ಅವಳ ಮುಷ್ಟಿಯನ್ನು ಹಿಡಿದ. ಇಷ್ಟು ದಿನ ಆ ಕೈಗೆ ಗವಸು ತೊಡಿಸಿದ್ದನೇ ಹೊರತು ಒಮ್ಮೆಯೂ ಹಿಡಿದಿರಲಿಲ್ಲ. ನಾಚಿಕೆಯಾಯಿತು. 'ಗ' ಬರೆಸಲು ಶುರು ಮಾಡಿದ. ಕಮಾನು ಮುಗಿಯಿತು, ತಲೆಕಟ್ಟು ಉಳಿಯಿತು. ಹಿಡಿತ ಸಡಿಲಿಸಿದ.

ಏನೂ ಆಗಲಿಲ್ಲ. ಮತ್ತೆ ಮೊದಲಿನಿಂದ ಬರೆಸಿದ, ಮತ್ತೆ ಬಿಟ್ಟ. ಹನ್ನೊಂದು 'ಗ'ಗಳು ತಲೆಯಿಲ್ಲದೆ ನಿಂತವು. ಹನ್ನೆರಡನೆಯದಕ್ಕೆ ಮನಸ್ಸಿನಲ್ಲೇ ಎಣಿಸಿದ, ಹತ್ತು, ಇಪ್ಪತ್ತು, ಮೂವತ್ತು. ಕಾಲು ತಾನಾಗಿ ಅಲುಗಾಡಿತು. ಒಂಚೂರು ದೂಡಿಬಿಡೋಣ ಎಂದು ಕೈ ತುರಿಸಿತು. ಕಸ್ತೂರಿಬಾಯಿ ತಲೆಯೆತ್ತಿ ನೋಡಿದರು. ಅವನು ದೂಡಲಿಲ್ಲ.

ಅಂಗೈಯಡಿಯಲ್ಲಿ ಪುಟ್ಟ ಬೆರಳೊಂದು ಮಿಸುಕಿತು. ಬಳಪ ಕಿರ್ರೆಂದಿತು. ಕಮಾನಿನ ಮೇಲೆ ಸೊಟ್ಟ ಗೀಟೊಂದು ಎದ್ದು, ಅರ್ಧಕ್ಕೇ ಜಾರಿ ನಿಂತಿತು.

"ಅಪ್ಪಾ, ಒತ್ತಬ್ಯಾಡ."

"ನಾ ಒತ್ತಿಲ್ಲವಾ."

ಇಂಚರ ತಿರುಗಿ ಅವನ ಕೈ ನೋಡಿದಳು, ತನ್ನ ಕೈ ನೋಡಿದಳು. "ಮತ್ತ ಯಾರು ಬರದ್ರು?"

ಉತ್ತರ ಶಾಂತವೀರನ ನಾಲಿಗೆಯ ತುದಿಯಲ್ಲೇ ಇತ್ತು. ಅವನು ಹೇಳಲಿಲ್ಲ, ಕಾದ.